ಊರು ಬದಲಿಸುವಾಗ ಬಂದೂಕು ಸಾಗಿಸುವುದು ಹೇಗೆ

ಸಾಮಾನು ಕಟ್ಟುವ ಮೊದಲೇ ಹೊಸ ಊರಿನ ಕಾನೂನು ವಿಚಾರಿಸಿ. ಲೈಸೆನ್ಸ್ ಅಲ್ಲಿ ನಡೆಯುತ್ತದೆಯೇ, ವಿಳಾಸ ಬದಲಾವಣೆಗೆ ಎಷ್ಟು ದಿನದ ಗಡುವು, ದಾರಿಯಲ್ಲಿ ಬರುವ ಪ್ರದೇಶಗಳ ನಿಯಮವೇನು ಎಂಬುದನ್ನೆಲ್ಲ ಲಿಖಿತವಾಗಿ ಪಡೆದರೆ ಒಳ್ಳೆಯದು. ಇಲ್ಲಿ ಕಾನೂನುಬದ್ಧವಾದ ಮ್ಯಾಗಜೀನ್ (ಬಂದೂಕಿಗೆ ಗುಂಡು ತುಂಬುವ ಡಬ್ಬಿ) ಅಲ್ಲಿ ನಿಷಿದ್ಧವಾಗಿರಬಹುದು.

ಬಂದೂಕನ್ನು ಖಾಲಿ ಮಾಡುವಾಗ ಮೊದಲು ಮ್ಯಾಗಜೀನ್ ತೆಗೆಯಿರಿ, ಆಮೇಲೆ ಚೇಂಬರ್ (ಸಿಡಿಯುವ ಮುನ್ನ ಗುಂಡು ಕೂರುವ ಜಾಗ) ಖಾಲಿ ಮಾಡಿ. ಕ್ರಮ ತಪ್ಪಿ ಮೊದಲು ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಎಳೆದರೆ ಒಂದು ಗುಂಡು ಹೊರಬಿದ್ದು, ಬಿಟ್ಟಾಗ ಇನ್ನೊಂದು ಒಳಸೇರುತ್ತದೆ. ಚೇಂಬರನ್ನು ಕಣ್ಣಿಂದ ನೋಡಿ, ಬೆರಳಿಂದಲೂ ಮುಟ್ಟಿ ನೋಡಿ. ಬಂದೂಕು ಬೀಗದ ಪೆಟ್ಟಿಗೆಯಲ್ಲಿ, ಗುಂಡುಗಳು ಬೇರೆ ಪೆಟ್ಟಿಗೆಯಲ್ಲಿರಲಿ. ಸಾಗಣೆಯವರ ಲಾರಿಗೆ ಎರಡನ್ನೂ ಹಾಕಬೇಡಿ. ಸೀರಿಯಲ್ ನಂಬರ್‌ಗಳ ಪಟ್ಟಿ, ಫೋಟೊ ನಿಮ್ಮ ಕೈಯಲ್ಲೇ ಇರಲಿ.

ಬಹುತೇಕರು ಮರೆಯುವುದು ತೇವವನ್ನು. ಫೋಮ್ ಪೆಟ್ಟಿಗೆ ಪ್ರಯಾಣಕ್ಕಷ್ಟೇ ಸರಿ. ಫೋಮ್ ತೇವ ಹಿಡಿದಿಟ್ಟುಕೊಳ್ಳುವುದರಿಂದ ಅದರಲ್ಲೇ ವಾರಗಟ್ಟಲೆ ಬಿಟ್ಟರೆ ಲೋಹಕ್ಕೆ ತುಕ್ಕು ಹಿಡಿಯುತ್ತದೆ. ಹೊರಡುವ ಮುನ್ನ ತೆಳುವಾಗಿ ಎಣ್ಣೆ ಸವರಿ. ಚಳಿಯಿಂದ ಬೆಚ್ಚಗಿನ ಮನೆಯೊಳಗೆ ತಂದಾಗ ಪೆಟ್ಟಿಗೆಯನ್ನು ಕೆಲವು ಗಂಟೆ ತೆರೆಯಬೇಡಿ, ತೆರೆದರೆ ತಣ್ಣಗಿರುವ ನಳಿಗೆಯ ಮೇಲೆ ನೀರಹನಿ ಕಟ್ಟುತ್ತದೆ. ಹೊಸ ಮನೆಯಲ್ಲಿ ತಿಜೋರಿಯನ್ನು ನೆಲಕ್ಕೆ ಬೋಲ್ಟ್ ಹಾಕಿಸಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಇಟ್ಟು ಆರ್ದ್ರತೆ 50% ದಾಟದಂತೆ ನೋಡಿಕೊಳ್ಳಿ.