ಸೆಕ್ಯೂರಿಟಿ ಫೈಲ್‌ಗಿಂತ ಗ್ಯಾಂಗ್‌ವೇ ಮುಖ್ಯ: ಹಡಗಿನಲ್ಲಿ ನನ್ನ ಅನುಭವ

ಚೀಫ್ ಆಫೀಸರ್ (ಕ್ಯಾಪ್ಟನ್ ನಂತರದ ಅಧಿಕಾರಿ) ಆದ ಮೇಲೆ ಸರಕಿನ ಜವಾಬ್ದಾರಿ ಜೊತೆಗೆ ಹಡಗಿನ ಸೆಕ್ಯೂರಿಟಿ ಆಫೀಸರ್ ಕೆಲಸವೂ ನನ್ನ ಪಾಲಿಗೆ ಬಂತು. ಸರಕು ಹಡಗುಗಳಲ್ಲಿ ಇದು ಮಾಮೂಲಿ. ಈ ಕೆಲಸಕ್ಕೆ ಆಧಾರ ಐಎಸ್‌ಪಿಎಸ್ ಕೋಡ್, ಅಂದರೆ ಹಡಗು ಮತ್ತು ಬಂದರುಗಳ ಭದ್ರತೆಯ ಅಂತರರಾಷ್ಟ್ರೀಯ ನಿಯಮ. ಅದು ಹುಟ್ಟಿದ್ದು ಅಮೆರಿಕದ ಮೇಲೆ 2001ರಲ್ಲಿ ನಡೆದ ದಾಳಿಯ ನಂತರ. 2004ರ ಜುಲೈ 1ರಿಂದ ಜಾರಿಯಲ್ಲಿದೆ. ಬೇರೆ ದೇಶಕ್ಕೆ ಹೋಗುವ ಪ್ರಯಾಣಿಕರ ಹಡಗು, 500 ಗ್ರಾಸ್ ಟನ್ನೇಜ್ (ಹಡಗಿನ ಒಳಗಾತ್ರದ ಅಳತೆ) ಮತ್ತು ಅದಕ್ಕೂ ದೊಡ್ಡ ಸರಕು ಹಡಗು, ಅವು ಬಂದು ನಿಲ್ಲುವ ಬಂದರು, ಎಲ್ಲಕ್ಕೂ ಅನ್ವಯ.

ಈ ಕೋಡ್ ಪ್ರಕಾರ ಹಡಗಿಗೆ ಇರುವ ಸೆಕ್ಯೂರಿಟಿ ಪ್ಲಾನ್ ಬೀಗ ಹಾಕಿಡುವ ಗುಟ್ಟಿನ ಫೈಲ್. ಅದನ್ನು ಬಾಯಿಪಾಠ ಮಾಡಿದರೂ ಗ್ಯಾಂಗ್‌ವೇಯಲ್ಲಿ, ಅಂದರೆ ಹಡಗು ಹತ್ತುವ ಏಣಿಯ ಬಳಿ, ಕಾವಲು ನಿಂತ ಹುಡುಗ ಮೊಬೈಲ್ ನೋಡುತ್ತಿದ್ದರೆ ಏನು ಬಂತು? ಹಾಗಾಗಿ ಬಂದರು ಸೇರುವ ಮೊದಲೇ ಕಾವಲಿನ ವಾಚ್‌ನವರನ್ನು ಕೂರಿಸಿಕೊಂಡು ಹೇಳುತ್ತಿದ್ದೆ: ಯೂನಿಫಾರ್ಮ್ ನೋಡಿ ದಾರಿ ಬಿಡಬೇಡಿ, ಐಡಿ ಕೇಳಿ. ಫೋಟೋ, ಮುಖ ತಾಳೆ ನೋಡಿ. ಯಾರ ಹತ್ತಿರ ಕೆಲಸ ಅಂತ ವಾಕಿಟಾಕಿಯಲ್ಲಿ ತಿಳಿಸಿ. ನಾನು ಹೂಂ ಅಂದ ಮೇಲೆ ಹೆಸರು, ಸಮಯ ಬರೆದುಕೊಂಡು ವಿಸಿಟರ್ ಕಾರ್ಡ್ ಕೊಡಿ. ಬಂದರಿನಲ್ಲಿ ನಮ್ಮ ಹಡಗಿನ ಕೆಲಸ ನೋಡಿಕೊಳ್ಳುವ ಪರಿಚಯದ ಏಜೆಂಟ್ ಆದರೂ ಅಷ್ಟೇ. 'ನಿನ್ನೆ ತಾನೇ ಬಂದಿದ್ದೆನಲ್ಲ ಮಾರಾಯ' ಅಂತ ಮುಖ ಊದಿಸಿಕೊಂಡವರಿದ್ದಾರೆ. ಇರಲಿ ಬಿಡಿ.

ಸೆಕ್ಯೂರಿಟಿಗೆ ಲೆವೆಲ್ 1, 2, 3 ಅಂತ ಮೂರು ಹಂತ, ಅಪಾಯ ಹೆಚ್ಚಿದಷ್ಟೂ ಲೆವೆಲ್ ಮೇಲೆ. ಬಂದರಿಗಿಂತ ಕೆಳಗಿನ ಲೆವೆಲ್‌ನಲ್ಲಿ ಹಡಗು ಇರುವಂತಿಲ್ಲ, ಮೇಲಿನದರಲ್ಲಿ ಇರಬಹುದು. ಹಾಗೆ ವ್ಯತ್ಯಾಸ ಇದ್ದಾಗ ನಾನು ಬಂದರಿನ ಸೆಕ್ಯೂರಿಟಿ ಆಫೀಸರ್ ಜೊತೆ ಡಿಕ್ಲರೇಷನ್ ಆಫ್ ಸೆಕ್ಯೂರಿಟಿ, ಅಂದರೆ ಯಾವ ಕಾವಲು ಯಾರದ್ದು ಅನ್ನುವ ಒಪ್ಪಂದ, ಮಾಡಿಸಿಕೊಳ್ಳುತ್ತಿದ್ದೆ. ನೀರಿನ ಕಡೆ ಕಣ್ಣಿಡುವವರು ಯಾರು, ಹಡಗಿಗೆ ಬರುವ ಸಾಮಾನು ನೋಡುವವರು ಯಾರು, ಒಂದೊಂದು ಸಾಲಿಗೂ ಎರಡೂ ಕಡೆಯವರ ಇನಿಷಿಯಲ್. ಸುಮ್ನೆ ಕಾಗದ ಅನಿಸುತ್ತದೆ. ಆದರೆ ಮಾತು ಬಂದಾಗ 'ಅದು ನಿಮ್ಮ ಕೆಲಸ' ಅನ್ನೋ ವಾದಕ್ಕೆ ಜಾಗ ಇರುವುದಿಲ್ಲ.

ಜಾಸ್ತಿ ಬೆವರು ಹರಿಸುವುದು ಪಶ್ಚಿಮ ಆಫ್ರಿಕಾದ ಬಂದರು ಬಿಡುವಾಗ. ಕದ್ದು ಹತ್ತಿದವರಿಗಾಗಿ ಇಡೀ ಹಡಗು ಹುಡುಕಬೇಕು. ಬೋಸನ್ ಸ್ಟೋರ್ (ಡೆಕ್ ಸಾಮಾನಿನ ಕೋಣೆ), ಹ್ಯಾಚ್ (ಸರಕಿನ ಅಂಕಣದ ಮುಚ್ಚಳ) ಕೆಳಗಿನ ಸಂದು, ಲೈಫ್‌ಬೋಟ್, ಚಿಮಣಿಯ ಒಳಗೆ. ನೋಡಿ ಮುಗಿದ ಬಾಗಿಲಿಗೆ ನಂಬರ್ ಇರುವ ಸೀಲ್ ಹಾಕಿಸಿ, ನಂಬರ್ ಬರೆದುಕೊಳ್ಳುತ್ತಿದ್ದೆ. ಸೀಲ್ ಹರಿದಿದ್ದರೆ ಆ ಜಾಗ ಮತ್ತೆ ಮೊದಲಿಂದ. ಹಡಗು ಖಾಲಿ ಇದ್ದರೆ ಹಿಂಬದಿಯ ಚುಕ್ಕಾಣಿ ನೀರಿನ ಮೇಲೆ ಬಂದಿರುತ್ತದೆ, ಅದನ್ನು ಡೆಕ್‌ನಿಂದ ಬಗ್ಗಿ ನೋಡಿದರೆ ಸಾಲದು. ದೋಣಿಯಲ್ಲಿ ಹೋಗಿ ಟಾರ್ಚ್ ಬಿಡಬೇಕು. 2022ರ ನವೆಂಬರ್‌ನಲ್ಲಿ ನೈಜೀರಿಯಾದ ಲಾಗೋಸ್‌ನಿಂದ ಹೊರಟ ಟ್ಯಾಂಕರ್ ಒಂದರ ಚುಕ್ಕಾಣಿ ಮೇಲೆ ಕೂತು ಮೂವರು 11 ದಿನ ಸಮುದ್ರ ದಾಟಿ ಸ್ಪೇನ್‌ನ ಲಾಸ್ ಪಾಲ್ಮಾಸ್ ತಲುಪಿದ್ದರು. ಬದುಕಿದ್ದೇ ಪುಣ್ಯ ಅಲ್ವಾ?

ನನಗೆ ಈ ಕೋಡ್ ಮೇಲೆ ಸಿಟ್ಟಿಲ್ಲ, ಅದರ ಹೆಸರು ಹೇಳಿಕೊಂಡು ಮಾಡುವ ಕೆಲಸದ ಮೇಲೆ ಸಿಟ್ಟು. ಒಂದು ಟರ್ಮಿನಲ್‌ನಲ್ಲಿ 'ಸೆಕ್ಯೂರಿಟಿ ಕಾರಣ' ಅಂತ ನಮ್ಮ ಹುಡುಗರನ್ನು ಗೇಟ್ ದಾಟಲು ಬಿಡಲಿಲ್ಲ. ತಿಂಗಳುಗಟ್ಟಲೆ ನೆಲ ಮುಟ್ಟದವರು, ಮನೆಗೆ ಫೋನ್ ಮಾಡಲು ಸಿಮ್ ಬೇಕಿತ್ತು. ಸಿಬ್ಬಂದಿಯ ಶೋರ್ ಲೀವ್‌ಗೆ, ಅಂದರೆ ದಡಕ್ಕಿಳಿದು ಹೋಗಿಬರಲು, ಅನುಕೂಲ ಮಾಡಿಕೊಡುವ ವ್ಯವಸ್ಥೆ ಬಂದರಿನ ಪ್ಲಾನ್‌ನಲ್ಲಿ ಇರಲೇಬೇಕು ಅಂತ ಕೋಡ್‌ನ ಕಡ್ಡಾಯ ಭಾಗದಲ್ಲೇ ಇದೆ. ಆ ಪುಟ ಪ್ರಿಂಟ್ ಮಾಡಿ ಏಜೆಂಟ್ ಕೈಗೆ ಕೊಟ್ಟೆ. ಸಂಜೆಗೆ ಗೇಟ್ ತನಕ ವ್ಯಾನ್ ಬಂತು. ಆಮೇಲಿಂದ ಬಂದರು ಸೇರುವ ಮೊದಲೇ ಏಜೆಂಟ್‌ಗೆ ಕಳಿಸುವ ಮೇಲ್‌ನಲ್ಲಿ ಶೋರ್ ಲೀವ್ ಬಗ್ಗೆ ಒಂದು ಸಾಲು ಸೇರಿಸಿ, ಜೊತೆಗೆ ಕ್ರೂ ಲಿಸ್ಟ್ ಹಾಕುತ್ತೇನೆ.