ಒಂದು ನಿಮಿಷದ ಸ್ಟಾಪ್

ನಮ್ಮ ಹಾಲ್ಟಿನಲ್ಲಿ ಬೆಳಗಿನ ಗಾಡಿ ನಿಲ್ಲುವುದು ಒಂದೇ ನಿಮಿಷ. ಅಷ್ಟರಲ್ಲಿ ಇಳಿಯುವವರು ಇಳಿಯಬೇಕು, ಕಾಲೇಜು ಮಕ್ಕಳು ಹತ್ತಬೇಕು, ಮಳೆಗಾಲದಲ್ಲಾದರೆ ಅಜ್ಜಿಯ ಕಳಲೆ ಚೀಲವೂ ಒಳಗೆ ಹೋಗಬೇಕು.

ಹಾಲ್ಟ್ ಇರುವುದು ಶಿವಮೊಗ್ಗ–ತಾಳಗುಪ್ಪ ಲೈನಿನಲ್ಲಿ, ಕುಂಸಿ ಮತ್ತು ಆನಂದಪುರದ ನಡುವಿನ ಕಾಡಿನಲ್ಲಿ. ಊರಿನ ಹೆಸರು ಬೇಡ. ಇಲ್ಲಿ ಸ್ಟೇಷನ್ ಮಾಸ್ಟರ್ ಇಲ್ಲ, ಸಿಗ್ನಲ್ ಕಂಬವೂ ಇಲ್ಲ. ಒಂದು ಸಣ್ಣ ಕೋಣೆ, ಪಕ್ಕದಲ್ಲಿ ಹಲಸಿನ ಮರ, ಟಿಕೆಟ್ ಕೊಡಲು ಒಬ್ಬ ಏಜೆಂಟ್. 2022ರಿಂದ ಆ ಏಜೆಂಟ್ ನಾನು.

ಹಾಲ್ಟ್ ಏಜೆಂಟ್ ಅಂದರೆ ರೈಲ್ವೆ ನೌಕರ ಅಲ್ಲ. ದೊಡ್ಡ ಸ್ಟೇಷನ್ನಿಗೆ ಹೋಗಿ, ಕೈಯಿಂದ ದುಡ್ಡು ಕಟ್ಟಿ ಟಿಕೆಟ್ ತರಬೇಕು. ಮಾರಿದ್ದಕ್ಕೆ ಕಮಿಷನ್, ಸಂಬಳ ಇಲ್ಲ. ನನಗೆ ಎರಡು ಎಕರೆ ಅಡಿಕೆ ತೋಟ ಇದೆ, ಹಾಗಾಗಿ ನಡೆಯುತ್ತದೆ. ನನಗಿಂತ ಮುಂಚೆ ಇದ್ದವರಿಗೆ ನಡೆಯಲಿಲ್ಲ, ಬಿಟ್ಟು ಹೋದರು. ಟಿಕೆಟ್ ಮಾರಾಟ ಕಡಿಮೆಯಾದರೆ ಕಮಿಷನ್ ಗಿಟ್ಟುವುದಿಲ್ಲ. ಕಮಿಷನ್ ಗಿಟ್ಟದಿದ್ದರೆ ಏಜೆಂಟ್ ಉಳಿಯುವುದಿಲ್ಲ. ಏಜೆಂಟ್ ಇಲ್ಲದಿದ್ದರೆ ಜನ ಟಿಕೆಟ್ ಇಲ್ಲದೇ ಹತ್ತುತ್ತಾರೆ. ಆಮೇಲೆ ಲೆಕ್ಕ ತೆಗೆದು ನೋಡಿದರೆ ಹಾಲ್ಟಿನ ಮುಂದೆ ಸೊನ್ನೆ. ಸೊನ್ನೆ ಇರುವ ಕಡೆ ಗಾಡಿ ಯಾಕೆ ನಿಲ್ಲಿಸಬೇಕು ಅಂತ ಯಾರಾದರೂ ಕೇಳಿದರೆ ನಮ್ಮ ಹತ್ತಿರ ಉತ್ತರ ಎಲ್ಲಿದೆ?

ಈ ಲೈನಿನ ಕಷ್ಟ ಇವತ್ತಿನದಲ್ಲ. ನಾನು ಸಣ್ಣವನಿದ್ದಾಗ ಮೀಟರ್ ಗೇಜ್, ಅಂದರೆ ಕಿರಿದಾದ ಹಳಿ ಇತ್ತು. ಆಮೇಲೆ ಕೆಲವು ಕಾಲ ಹಳಿ ಮೇಲೆ ಬಸ್ಸಿನಂಥ ರೈಲ್‌ಬಸ್ ಓಡಿತು. ಅಗಲದ ಹಳಿ ಹಾಕುವ ಬ್ರಾಡ್‌ಗೇಜ್ ಕೆಲಸಕ್ಕೆ ಅಂತ ಎಲ್ಲವೂ ನಿಂತಿತು. 2011ರ ಹೊತ್ತಿಗೆ ತಾಳಗುಪ್ಪದವರೆಗೆ ದೊಡ್ಡ ಗಾಡಿ ಬಂದಾಗ ಊರಿನವರು ಹಳಿ ಪಕ್ಕ ನಿಂತು ಕೈ ಬೀಸಿದ್ದರು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ದೇಶದ ಪ್ಯಾಸೆಂಜರ್ ಗಾಡಿಗಳೆಲ್ಲ ನಿಂತವು. ಮತ್ತೆ ಶುರುವಾದಾಗ ಕನಿಷ್ಠ ಟಿಕೆಟ್ 10 ರೂಪಾಯಿ ಇದ್ದದ್ದು 30 ಆಗಿತ್ತು. ಇಪ್ಪತ್ತು ಕಿಲೋಮೀಟರಿಗೆ 30 ರೂಪಾಯಿ ಕೊಡುವ ಬದಲು ಜನ ಬಸ್ಸಿಗೆ ಹೋದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸು ಸಿಗುವ ಕಡೆಯ ಹೆಂಗಸರಿಗೆ ರೈಲು ಬೇಡವಾಯಿತು. ನಮ್ಮ ಊರಿಗೆ ಸರ್ಕಾರಿ ಬಸ್ಸು ಇಲ್ಲ, ಆದ್ದರಿಂದ ನಮ್ಮಲ್ಲಿ ಅಷ್ಟು ಪೆಟ್ಟು ಬೀಳಲಿಲ್ಲ.

ಏಜೆನ್ಸಿ ತಗೊಂಡ ಮೊದಲ ವರ್ಷ ನಾವೂ ಎಲ್ಲರಂತೆ ಮನವಿ ಬರೆದೆವು. ಎಲ್ಲ ಎಕ್ಸ್‌ಪ್ರೆಸ್ ಇಲ್ಲಿ ನಿಲ್ಲಲಿ, ಪ್ಲಾಟ್‌ಫಾರ್ಮ್ ಎತ್ತರಿಸಿ, ಶೆಲ್ಟರ್ ಕಟ್ಟಿಸಿ, ದೀಪ ಹಾಕಿ, ನೀರು ಕೊಡಿ, ಹೊಸ ಗಾಡಿ ಬಿಡಿ. ಒಂದೇ ಕಾಗದದಲ್ಲಿ ಆರು ಬೇಡಿಕೆ, ಕೆಳಗೆ ಊರಿನವರ ಸಹಿ. ಸ್ವೀಕೃತಿಯ ಸೀಲು ಬಿತ್ತು. ಅಲ್ಲಿಗೆ ಮುಗಿಯಿತು.

ದಾರಿ ತೋರಿಸಿದ್ದು ಸಾಗರದಲ್ಲಿರುವ ಒಬ್ಬ ನಿವೃತ್ತ ರೈಲ್ವೆ ಟ್ರಾಫಿಕ್ ಇನ್‌ಸ್ಪೆಕ್ಟರ್. ಅವರ ಮನೆ ಜಗಲಿಯಲ್ಲಿ ಕೂತು ಮನವಿಯ ಪ್ರತಿ ಕೊಟ್ಟೆ. ಓದಿ, ಮಡಚಿ, ವಾಪಸ್ ಕೊಟ್ಟರು.

"ಹೊಸ ಗಾಡಿ ಕೇಳೋದು ಸುಲಭ ಮಾರಾಯ. ಅದಕ್ಕೆ ರೇಕ್ ಬೇಕು, ಅಂದ್ರೆ ಬೋಗಿಗಳ ಸೆಟ್ಟು, ತೊಳೆಯೋಕೆ ಪಿಟ್ ಲೈನ್ ಬೇಕು, ರಾತ್ರಿ ನಿಲ್ಲಿಸೋಕೆ ಜಾಗ ಬೇಕು. ಕೋಟೆಗಂಗೂರಿನ ಡಿಪೋ ಅದಕ್ಕೇ ಅಲ್ವಾ? ನೀನು ಇರೋ ಗಾಡಿ ಬಗ್ಗೆ ಹೇಳು. ಅದರಲ್ಲಿ ಏನು ತೊಂದರೆ?"

ಶಿವಮೊಗ್ಗ ಹತ್ತಿರದ ಕೋಟೆಗಂಗೂರು ಕೋಚಿಂಗ್ ಡಿಪೋಗೆ ಶಂಕುಸ್ಥಾಪನೆ ಆದದ್ದು 2023ರ ಫೆಬ್ರವರಿ 27ರಂದು, ಶಿವಮೊಗ್ಗ ವಿಮಾನ ನಿಲ್ದಾಣ ಉದ್ಘಾಟನೆಯಾದ ದಿನವೇ. ಗಾಡಿ ಓಡಿಸುವ ಮೊದಲು ಅದನ್ನು ತೊಳೆದು ಪರೀಕ್ಷೆ ಮಾಡುವ ಜಾಗ ಬೇಕು ಅನ್ನುವುದು ಅಲ್ಲಿವರೆಗೆ ನನ್ನ ತಲೆಗೇ ಹೋಗಿರಲಿಲ್ಲ.

ತೊಂದರೆ ಹೇಳಿದೆ. ಬೆಳಗಿನ ಗಾಡಿ ಶಿವಮೊಗ್ಗ ಟೌನ್ ಸೇರುವ ಹೊತ್ತಿಗೆ ಮಕ್ಕಳಿಗೆ ಕಾಲೇಜಿನ ಮೊದಲ ಪೀರಿಯಡ್ ಶುರುವಾಗಿರುತ್ತದೆ. ಸ್ಟೇಷನ್ನಿನಿಂದ ಓಡಿದರೂ ಹಾಜರಿ ತಪ್ಪುತ್ತದೆ. ಅದಕ್ಕೇ ಒಬ್ಬೊಬ್ಬರಾಗಿ ಬಸ್ಸಿಗೆ ಹೋಗುತ್ತಿದ್ದಾರೆ.

ಅವರು ಹಳೇ ಕ್ಯಾಲೆಂಡರ್ ಹಾಳೆ ಕಿತ್ತು ಹಿಂಬದಿಗೆ ಗೆರೆ ಎಳೆದರು. ಎಡಗಡೆ ಮೇಲಿನಿಂದ ಕೆಳಗೆ ಸ್ಟೇಷನ್ ಹೆಸರು: ತಾಳಗುಪ್ಪ, ಸಾಗರ, ಆನಂದಪುರ, ಅರಸಾಳು, ಕುಂಸಿ, ಶಿವಮೊಗ್ಗ. ಅಡ್ಡಕ್ಕೆ ಗಂಟೆ. ಒಂದೊಂದು ಗಾಡಿಗೂ ಒಂದು ಓರೆ ಗೆರೆ. ಹೋಗುವ ಗೆರೆ, ಬರುವ ಗೆರೆ ಸೇರುವ ಕಡೆ ಬೆರಳಿಟ್ಟು, "ಒಂಟಿ ಹಳಿ. ಇಲ್ಲಿ ಕ್ರಾಸಿಂಗ್ ಮಾಡೋ, ಅಂದ್ರೆ ಒಂದು ಗಾಡಿ ನಿಲ್ಲಿಸಿ ಎದುರಿನದನ್ನ ದಾಟಿಸೋ ಸ್ಟೇಷನ್ ಇರಲೇಬೇಕು. ನಿನ್ನ ಗಾಡಿನ ಅರ್ಧ ಗಂಟೆ ಬೇಗ ಹಾಕಿ ಅಂದ್ರೆ ಈ ಗಂಟು ಕಾಡಿನ ಮಧ್ಯೆ ಬೀಳುತ್ತೆ. ಎದುರಿನ ಗಾಡಿ ಎಲ್ಲಿ ನಿಲ್ಲಬೇಕು?" ಅಂದರು.

ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಅದನ್ನು ನೋಡಿದ ಮೇಲೆ ನನ್ನ ಕೇಳುವ ರೀತಿಯೇ ಬದಲಾಯಿತು. ನಮ್ಮ ಗಾಡಿ ಮುಂದಿನ ಕ್ರಾಸಿಂಗ್ ಸ್ಟೇಷನ್ನಿನಲ್ಲಿ ದಿನಾ ಸುಮಾರು ಹೊತ್ತು ನಿಲ್ಲುತ್ತಿತ್ತು. ಎಲ್ಲರಿಗೂ ಗೊತ್ತಿದ್ದ ವಿಷಯ, ಆದರೆ ಯಾರೂ ಬರೆದಿಟ್ಟಿರಲಿಲ್ಲ. ದಿನಾ ಹೋಗುವ ಇಬ್ಬರು ಬಿ.ಕಾಂ. ಹುಡುಗಿಯರಿಗೆ ಒಂದು ನೋಟ್‌ಬುಕ್ ಕೊಟ್ಟೆ. ನಮ್ಮ ಗಾಡಿ ಅಲ್ಲಿಗೆ ಬಂದದ್ದು ಎಷ್ಟು ಹೊತ್ತಿಗೆ, ಎದುರಿನ ಗಾಡಿ ಬಂದದ್ದು ಎಷ್ಟು ಹೊತ್ತಿಗೆ, ನಾವು ಹೊರಟದ್ದು ಎಷ್ಟು ಹೊತ್ತಿಗೆ. ಮೂರೇ ಕಾಲಂ. ಮೂರು ತಿಂಗಳು ಒಂದು ದಿನವೂ ಬಿಡದೆ ಬರೆದರು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಬರೆದಳು.

ಮೂರು ತಿಂಗಳಿಗೆ ಚಿತ್ರ ಸ್ಪಷ್ಟವಾಯಿತು. ಎದುರಿನ ಗಾಡಿ ಹೆಚ್ಚಿನ ದಿನ ಬೇಗನೇ ಬಂದು ಹೋಗುತ್ತಿತ್ತು. ಆಮೇಲೂ ನಮ್ಮ ಗಾಡಿ ಸುಮ್ನೆ ನಿಂತಿರುತ್ತಿತ್ತು. ಯಾಕೆಂದರೆ ಟೈಂಟೇಬಲ್‌ನಲ್ಲಿ ಬರೆದ ಹೊತ್ತಿಗೆ ಮುಂಚೆ ಅದು ಹೊರಡುವ ಹಾಗಿಲ್ಲ. ಹಳಿ ಖಾಲಿ, ಗಾಡಿ ತಯಾರು, ಆದರೂ ಕಾಯಬೇಕು.

ಈ ಸಲ ಕಾಗದದಲ್ಲಿ ಒಂದೇ ಮಾತು ಬರೆದೆವು: ಆ ಸ್ಟೇಷನ್ನಿನಿಂದ ಗಾಡಿಯನ್ನು ಹತ್ತು ನಿಮಿಷ ಬೇಗ ಹೊರಡಿಸಿ, ಕ್ರಾಸಿಂಗ್ ಇದ್ದಲ್ಲೇ ಇರಲಿ. ಜೊತೆಗೆ ನೋಟ್‌ಬುಕ್ಕಿನ ಜೆರಾಕ್ಸ್, ಕಾಲೇಜಿನ ಪ್ರಾಂಶುಪಾಲರ ಒಂದು ಪತ್ರ. ನಾಟಿ ಮುಗಿಯುವ ಕಾಲದಲ್ಲಿ ಕೊಟ್ಟೆವು, ಹೊಸ ಟೈಂಟೇಬಲ್ ತಯಾರಾಗುವ ಮುಂಚೆ. ಟೈಂಟೇಬಲ್ ಅಚ್ಚಾದ ಮೇಲೆ ಕೊಟ್ಟ ಕಾಗದ ಇನ್ನೊಂದು ವರ್ಷ ಕಾಯಬೇಕು, ಇದನ್ನೂ ಹೇಳಿಕೊಟ್ಟದ್ದು ಆ ಇನ್‌ಸ್ಪೆಕ್ಟರೇ. ಮುಂದಿನ ಟೈಂಟೇಬಲ್‌ನಲ್ಲಿ ಹತ್ತು ನಿಮಿಷ ಸಿಕ್ಕಿತು. ಹುಡುಗಿಯರು ಹಾಲ್ಟಿಗೆ ಪೇಡ ತಂದು ಗಾರ್ಡಿಗೂ ಕೊಟ್ಟರು.

ಇನ್ನೊಂದು ಕಡೆ ನಮ್ಮ ಲೆಕ್ಕವೇ ಸರಿ ಇರಲಿಲ್ಲ. ದಿನಾ ಹತ್ತುವವರಲ್ಲಿ ತುಂಬ ಜನ ಪಾಸಿನವರು. ತಿಂಗಳ ಪಾಸು ನನ್ನ ಹತ್ತಿರ ಸಿಗುವುದಿಲ್ಲ, ದೊಡ್ಡ ಸ್ಟೇಷನ್ನಿನಲ್ಲಿ ಮಾಡಿಸಬೇಕು. ಓದುವ ಹುಡುಗಿಯರಿಗೆ ಪದವಿವರೆಗೆ, ಹುಡುಗರಿಗೆ ಹನ್ನೆರಡನೇ ತರಗತಿವರೆಗೆ ಮನೆಯಿಂದ ಶಾಲೆ-ಕಾಲೇಜಿಗೆ ಸೆಕೆಂಡ್ ಕ್ಲಾಸ್ ಪಾಸು ಉಚಿತ. ಇವರು ಯಾರೂ ನನ್ನ ಟಿಕೆಟ್ ಮಾರಾಟದಲ್ಲಿ ಕಾಣುವುದಿಲ್ಲ. ಕೆಲವರಂತೂ ಮುಂದಿನ ದೊಡ್ಡ ಸ್ಟೇಷನ್ನಿನ ಹೆಸರಲ್ಲೇ ಪಾಸು ಮಾಡಿಸಿಕೊಂಡಿದ್ದರು. ಕೌಂಟರಿನಲ್ಲಿ ಕೇಳಿದ್ದಕ್ಕೆ ಬಾಯಿಗೆ ಬಂದ ಹೆಸರು ಹೇಳಿದ್ದರು, ಅಷ್ಟೆ. ಮನೆ ಮನೆಗೆ ಹೋಗಿ ಹೇಳಿದೆ, ಪಾಸಿನಲ್ಲಿ ನಮ್ಮ ಹಾಲ್ಟಿನ ಹೆಸರೇ ಇರಲಿ ಅಂತ. ಪ್ರತಿ ಪಾಸಿನ ಜೆರಾಕ್ಸ್ ಒಂದು ಫೈಲಿನಲ್ಲಿ ಇಟ್ಟೆ.

ಮೊಬೈಲಿನ ರೈಲ್ವೆ ಆ್ಯಪ್‌ನಲ್ಲಿ ಟಿಕೆಟ್ ತಗೊಂಡರೆ ನನಗೆ ಕಮಿಷನ್ ಇಲ್ಲ. ಆದರೂ ತಗೊಳ್ಳಿ ಅಂತಲೇ ಹೇಳುತ್ತೇನೆ, ಹತ್ತುವ ನಿಲ್ದಾಣ ನಮ್ಮದೇ ಹಾಕಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ. ಹಳಿ ಪಕ್ಕ ನಿಂತರೆ ಆ ಆ್ಯಪ್ ಟಿಕೆಟ್ ಕೊಡುವುದಿಲ್ಲ, ಸ್ವಲ್ಪ ದೂರ ಹೋಗಬೇಕು. ನಮ್ಮಲ್ಲಿ ದೂರ ಹೋದರೆ ನೆಟ್‌ವರ್ಕ್ ಇಲ್ಲ. ಅದಕ್ಕೆ ಮನೆಯಿಂದ ಹೊರಡುವಾಗಲೇ, ದಿಬ್ಬದ ಮೇಲೆ ಸಿಗ್ನಲ್ ಸಿಗುವ ಕಡೆ ನಿಂತು ತಗೊಳ್ಳುವುದು ರೂಢಿಯಾಗಿದೆ.

ಇನ್ನು ಆ ಒಂದು ನಿಮಿಷದ ವಿಷಯ. ನಮ್ಮ ಪ್ಲಾಟ್‌ಫಾರ್ಮ್ ನೆಲಮಟ್ಟದ್ದು. ಬೋಗಿಯ ನೆಲ ಎದೆಯೆತ್ತರಕ್ಕೆ ಸಿಗುತ್ತದೆ. ಮೊದಲು ಎಲ್ಲರೂ ಹಲಸಿನ ಮರದ ಕೆಳಗೆ ಒಂದೇ ಕಡೆ ಗುಂಪಾಗಿ ನಿಂತು, ಗಾಡಿ ಬಂದ ಮೇಲೆ ಓಡುತ್ತಿದ್ದರು. ಒಂದೇ ಬಾಗಿಲಿಗೆ ಇಪ್ಪತ್ತು ಜನ. ಗಾಡಿ ಎರಡು ನಿಮಿಷ, ಮೂರು ನಿಮಿಷ ನಿಲ್ಲುತ್ತಿತ್ತು. ಆ ತಡ ನಮ್ಮ ಹಾಲ್ಟಿನ ಲೆಕ್ಕಕ್ಕೇ ಬೀಳುತ್ತದೆ.

ಒಂದು ವಾರ ಬಾಗಿಲುಗಳು ಎಲ್ಲಿ ಬಂದು ನಿಲ್ಲುತ್ತವೆ ಅಂತ ನೋಡಿದೆ. ಡ್ರೈವರ್ ಯಾರೇ ಆಗಲಿ, ಒಂದೆರಡು ಮಾರು ಆಚೀಚೆ ಅಷ್ಟೆ. ಹಳಿ ನೋಡಿಕೊಳ್ಳುವ ಗ್ಯಾಂಗಿನ ಮೇಸ್ತ್ರಿಯ ಒಪ್ಪಿಗೆ ಕೇಳಿ, ಹಳಿಯಿಂದ ದೂರ ಬೇಲಿ ಪಕ್ಕ ಜಂಬಿಟ್ಟಿಗೆ ಕಲ್ಲು ಇಟ್ಟು ಸುಣ್ಣ ಬಳಿದೆ. ಪ್ರತಿ ಬಾಗಿಲಿಗೆ ಒಂದು ಕಲ್ಲು. ಮೊದಲ ಕಲ್ಲು ವಯಸ್ಸಾದವರಿಗೆ, ಅಲ್ಲಿ ನೆಲ ಒಂದು ಮೊಳ ಎತ್ತರ ಇದೆ. ಕಾಲೇಜಿನವರು ದೂರದ ಕಲ್ಲುಗಳಿಗೆ. ಕಳಲೆ ಅಜ್ಜಿಯ ಚೀಲ ಮೊದಲು ಮೇಲೆ ಹೋಗಬೇಕು, ಆಮೇಲೆ ಅಜ್ಜಿ, ಕೊನೆಗೆ ಅವರ ಕೊಡೆ.

"ತಮ್ಮಾ, ನನ್ನ ಕಲ್ಲಿಗೆ ಸುಣ್ಣ ಹೋಗಿದೆ ನೋಡು," ಅಂತ ಆಷಾಢದ ಮಳೆಯಲ್ಲಿ ಅಜ್ಜಿ ಕರೆದು ತೋರಿಸಿದರು. ಅವತ್ತೇ ಸಂಜೆ ಮತ್ತೆ ಬಳಿದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಬಳಿಯಬೇಕು. ಈಗ ಗಾಡಿ ಒಂದು ನಿಮಿಷದ ಒಳಗೇ ಹೊರಡುತ್ತದೆ.

2024ರ ಫೆಬ್ರವರಿಯಲ್ಲಿ ಕನಿಷ್ಠ ಟಿಕೆಟ್ ಮತ್ತೆ 10 ರೂಪಾಯಿಗೆ ಇಳಿಯಿತು. ಹೊತ್ತೂ ಸರಿಯಾಗಿತ್ತು, ದರವೂ ಇಳಿಯಿತು. ಬಸ್ಸಿಗೆ ಹೋದವರಲ್ಲಿ ಸುಮಾರು ಜನ ವಾಪಸ್ ಬಂದರು. ಸಂತೆ ದಿನ ಟಿಕೆಟ್ ಕಟ್ಟು ಮುಗಿದುಹೋಗಿ, ನಾನು ಬೈಕಿನಲ್ಲಿ ದೊಡ್ಡ ಸ್ಟೇಷನ್ನಿಗೆ ಹೋಗಿ ತಂದದ್ದೂ ಇದೆ.

ಉಳಿದಿರುವುದು ಸಂಜೆಯ ಗಾಡಿ. ಅದು ಬರುವ ಹೊತ್ತಿಗೆ ಕತ್ತಲಾಗಿರುತ್ತದೆ. ಊರಿಗೆ ಎರಡು ಕಿಲೋಮೀಟರ್ ಕಾಡುದಾರಿ. ಗ್ರಾಮ ಪಂಚಾಯಿತಿಯವರು ಹಲಸಿನ ಮರದ ಹತ್ತಿರ ಒಂದು ಸೋಲಾರ್ ದೀಪ ಹಾಕಿಸಿದ್ದಾರೆ. ಒಂದು ಆಟೋ ಕಾಯುತ್ತದೆ, ಆದರೆ ಗಾಡಿ ಜಾಸ್ತಿ ತಡವಾದರೆ ಅವನೂ ಹೊರಟುಬಿಡುತ್ತಾನೆ. ಹೋದ ತಿಂಗಳಿನಿಂದ ಸಂಜೆ ಗಾಡಿಗೂ ಮೂರು ಕಾಲಂ ಹಾಕಿದ್ದೇವೆ. ಆ ಇಬ್ಬರು ಹುಡುಗಿಯರ ಓದು ಮುಗಿಯಿತು. ನೋಟ್‌ಬುಕ್ ಈಗ ಅವರಲ್ಲೊಬ್ಬಳ ತಮ್ಮನ ಚೀಲದಲ್ಲಿದೆ, ಪಿಯುಸಿ ಮೊದಲ ವರ್ಷ.