ಬಸುರಿಯರನ್ನು ಎಚ್‌ಐವಿ ಪರೀಕ್ಷೆಯ ಬಗ್ಗೆ ಕೇಳುವ ಕ್ರಮ: ಹಳ್ಳಿಗೆ ಅಧ್ಯಯನಕ್ಕೆ ಹೊರಡುವವರಿಗೆ

ಯಾದಗಿರಿ ಜಿಲ್ಲೆಯ ಹಳ್ಳಿಯಲ್ಲಿ ಬಸುರಿಯೊಬ್ಬಳನ್ನು "ಎಚ್‌ಐವಿ ಪರೀಕ್ಷೆ ಆಗ್ಯಾದೇನು" ಎಂದು ನೇರವಾಗಿ ಕೇಳಿದಾಗ "ಇಲ್ರೀ" ಎಂಬ ಉತ್ತರವನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಸ್ವಲ್ಪ ಹೊತ್ತು ಬಿಟ್ಟು "ದವಾಖಾನ್ಯಾಗ ರಕ್ತ ತಗೊಂಡಾರೇನವ್ವಾ" ಎಂದರೆ, "ತಗೊಂಡಾರ್ರೀ ಅಕ್ಕೋರೆ, ಎರಡು ಸಲ ತಗೊಂಡಾರ, ಯಾತಕ್ಕಂತ ಹೇಳಿಲ್ಲ" ಎಂದು ಅದೇ ಹೆಂಗಸು ಹೇಳುತ್ತಾಳೆ. ಅವಳು ಎರಡೂ ಸಲ ಸುಳ್ಳು ಹೇಳಿಲ್ಲ. ನಮ್ಮ ಮೊದಲ ಪ್ರಶ್ನೆಯೇ ಸರಿಯಿರಲಿಲ್ಲ. ಆದ್ದರಿಂದ ಪ್ರಶ್ನಾವಳಿಯಲ್ಲಿ ಈ ಒಂದು ಪ್ರಶ್ನೆಯನ್ನು ನಾಲ್ಕಾಗಿ ಒಡೆಯಬೇಕು: ರಕ್ತ ತೆಗೆದುಕೊಂಡರೇ, ಯಾವುದಕ್ಕೆಂದು ಹೇಳಿದರೇ, ಒಪ್ಪಿಗೆ ಕೇಳಿದರೇ, ಫಲಿತಾಂಶವನ್ನು ಅವಳಿಗೇ ತಿಳಿಸಿದರೇ. ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ತಿಳಿಸಿ, ಒಪ್ಪಿಗೆ ಪಡೆದೇ ಪರೀಕ್ಷೆ ಮಾಡಬೇಕೆಂಬುದು ಅದರ ಮುಖ್ಯ ಮಾತುಗಳಲ್ಲಿ ಒಂದು. ಪರೀಕ್ಷೆ ಎಷ್ಟು ಜನರಿಗಾಯಿತು ಎಂಬ ಎಣಿಕೆ ಸರ್ಕಾರದ ವಹಿಗಳಲ್ಲಿ ಸಿಗುತ್ತದೆ. ಅವಳಿಗೆ ತಿಳಿಸಿ ಕೇಳಿದರೇ ಎಂಬುದು ಮಾತ್ರ ಅವಳ ಬಾಯಿಂದಲೇ ಬರಬೇಕು, ಮನೆಮನೆಗೆ ಹೋಗಿ ಅಧ್ಯಯನ ಮಾಡುವುದಕ್ಕೆ ಅರ್ಥ ಬರುವುದೂ ಅಲ್ಲಿಯೇ.

ಹೊರಡುವ ಮುನ್ನ ಆಗಬೇಕಾದ ಕಾಗದಪತ್ರಗಳ ಕೆಲಸವನ್ನು ಬೇಗ ಹೇಳಿಬಿಡುತ್ತೇನೆ. ಸಂಶೋಧನೆಯ ರೀತಿನೀತಿಯನ್ನು ಪರಿಶೀಲಿಸುವ ನೋಂದಾಯಿತ ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಒಂದು ಮನೆಗೂ ಕಾಲಿಡಬಾರದು. ಐಸಿಟಿಸಿಯ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಮಾಲೋಚನೆ ನಡೆಸುವ ಕೇಂದ್ರದ, ದಾಖಲೆಗಳು ಬೇಕಿದ್ದರೆ ಅದಕ್ಕೆ ಪ್ರತ್ಯೇಕ ಅನುಮತಿ ಪಡೆಯಬೇಕೇ ಹೊರತು, ಪರಿಚಯದ ಕೌನ್ಸೆಲರ್ ಬಳಿ ವಹಿ ಕೇಳಿ ನೋಡುವುದು ಎಂದಿಗೂ ಸಲ್ಲದು. ಹದಿನೆಂಟು ತುಂಬದ ಬಸುರಿಯರು ಸಿಕ್ಕರೆ ಏನು ಮಾಡಬೇಕೆಂಬುದನ್ನೂ ಸಮಿತಿಯ ಮುಂದೆಯೇ ತೀರ್ಮಾನಿಸಿಕೊಳ್ಳಿ, ಏಕೆಂದರೆ ಅಲ್ಲಿ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡುವ ಹೊಣೆಯೂ ಬರುತ್ತದೆ.

ಕಾಲ ನೋಡಿ ಹೋಗುವುದು ಇದಕ್ಕಿಂತ ದೊಡ್ಡ ವಿಷಯ. ಶಹಾಪುರ, ಸುರಪುರದ ಕಡೆ ಹತ್ತಿ ಬಿಡಿಸುವಾಗಲೂ, ಕಲಬುರಗಿಯ ಕಡೆ ತೊಗರಿ ರಾಶಿ ನಡೆಯುವಾಗಲೂ ಹಗಲು ಹೊತ್ತು ಮನೆಯಲ್ಲಿ ಹೆಂಗಸರು ಸಿಗುವುದಿಲ್ಲ. ಸುಗ್ಗಿ ಮುಗಿದ ಮೇಲೆ ಎಷ್ಟೋ ಕುಟುಂಬಗಳು, ತಾಂಡಾಗಳಿಂದಲಂತೂ ಹೆಚ್ಚಾಗಿ, ದುಡಿಯಲು ಬೆಂಗಳೂರು, ಪುಣೆ, ಮುಂಬೈಗೆ ಹೋಗಿಬಿಡುತ್ತವೆ. ಊರಲ್ಲಿ ಉಳಿದವರನ್ನಷ್ಟೇ ಮಾತನಾಡಿಸಿ ಬಂದರೆ, ಪರೀಕ್ಷೆ ತಪ್ಪಿಹೋಗುವ ಸಂಭವ ಹೆಚ್ಚಿರುವವರೇ ನಿಮ್ಮ ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ಇನ್ನೊಂದು, ಚೊಚ್ಚಲ ಬಸುರಿ ಕುಬಸ (ಸೀಮಂತ) ಮುಗಿಸಿಕೊಂಡು ತವರಿಗೆ ಹೋಗುತ್ತಾಳೆ. ಪರೀಕ್ಷೆ ಗಂಡನ ಊರಿನಲ್ಲಿ, ಹೆರಿಗೆ ತವರಿನಲ್ಲಿ ಆಗುವುದರಿಂದ ಎರಡೂ ಕಡೆಯ ಆಶಾ ಕಾರ್ಯಕರ್ತೆಯರು ಅವಳು ಇನ್ನೊಬ್ಬರ ಪಟ್ಟಿಯಲ್ಲಿದ್ದಾಳೆ ಎಂದುಕೊಳ್ಳುವ ಸಾಧ್ಯತೆ ಇರುತ್ತದೆ. ಅವಳ ಒಪ್ಪಿಗೆ ಪಡೆದು ತವರೂರಿನ ಹೆಸರನ್ನು ಮೊದಲ ಭೇಟಿಯಲ್ಲೇ ಬರೆದುಕೊಳ್ಳಿ.

ಯಾವ ಮನೆಗೆ ಹೋಗುತ್ತೀರಿ ಎಂಬುದನ್ನು ಓಣಿ ನೋಡುತ್ತಿರುತ್ತದೆ. ನಾನು ಈ ಕೆಲಸಕ್ಕೆ ಹೊಸಬಳಾಗಿದ್ದಾಗ, ಹೆಚ್ಚಿನ ಪ್ರಶ್ನೆ ಕೇಳಬೇಕಾಗಿದ್ದ ಮೂರು ಮನೆಗಳಿಗಷ್ಟೇ ಎರಡನೇ ಸಲ ಹೋದೆ. ಸಂಜೆ ಬೋರ್‌ವೆಲ್ ಹತ್ತಿರ ಕೊಡ ಇಟ್ಟು ನಿಂತಿದ್ದ ಹೆಂಗಸೊಬ್ಬಳು "ಆಕಿ ಮನಿಗಷ್ಟ ಯಾಕ ಮತ್ತ ಹೋದ್ರಿ, ಏನರ ಆಗ್ಯಾದೇನು" ಎಂದು ಕೇಳಿದಳು. ಆ ಮೂವರಲ್ಲಿ ಯಾರಿಗೂ ಸೋಂಕಿರಲಿಲ್ಲ, ಆದರೆ ನನ್ನ ಎರಡನೇ ಭೇಟಿಯೇ ಅವರ ಮೇಲೆ ಅನುಮಾನ ಹುಟ್ಟಿಸಿತ್ತು. ಅಂದಿನಿಂದ ಎರಡನೇ ಭೇಟಿ ಇದ್ದರೆ ಎಲ್ಲ ಮನೆಗಳಿಗೂ ಹೋಗುತ್ತೇನೆ, ಎಲ್ಲರಿಗೂ ಒಂದೇ ಬಣ್ಣದ ಹಾಳೆ ಬಳಸುತ್ತೇನೆ, ಬಾಣಂತನ, ಮುಟ್ಟು, ರಕ್ತಹೀನತೆ, ಆಪರೇಷನ್ ಇವೆಲ್ಲವನ್ನೂ ಕೇಳುವ ನಡುವೆ ಎಚ್‌ಐವಿಯ ಪ್ರಶ್ನೆಯನ್ನು ಇಡುತ್ತೇನೆ.

ಮನೆಯೊಳಗೆ ಅತ್ತೆ ಬಂದು ಪಕ್ಕದಲ್ಲಿ ಕೂರುವುದು ಸಾಮಾನ್ಯ. ಅವರನ್ನು ಎಬ್ಬಿಸಿ ಕಳಿಸಿದರೆ ಸೊಸೆಗೆ ಮುಂದೆ ಕಷ್ಟ. ಜೊತೆಗೆ ಇನ್ನೊಬ್ಬ ಸಹಾಯಕಿಯನ್ನು ಕರೆದೊಯ್ದು, ಅತ್ತೆಯವರ ಹೆರಿಗೆಯ ಕಾಲದ ಸಂಗತಿಗಳನ್ನು ಆ ಸಹಾಯಕಿ ಕಟ್ಟೆಯ ಮೇಲೆ ಕೂತು ಗೌರವದಿಂದ ಕೇಳುವಂತೆ ಮಾಡುವುದು ನಾನು ಕಂಡ ಒಳ್ಳೆಯ ದಾರಿ. ಆ ಮಾತುಗಳೂ ಅಧ್ಯಯನಕ್ಕೆ ಬೇಕಾದವೇ. ಏಕಾಂತ ಸಿಗದಿದ್ದರೆ ಆ ಭಾಗವನ್ನು ಖಾಲಿ ಬಿಟ್ಟು ಬನ್ನಿ. ಟ್ರಂಕಿನೊಳಗೆ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ತಾಯಿ ಕಾರ್ಡನ್ನು ಅವಳೇ ತಂದು ತೋರಿಸಿದರೂ, ಎಲ್ಲರೆದುರು ಅದನ್ನು ಗಟ್ಟಿಯಾಗಿ ಓದಬೇಡಿ.

ಭಾಷೆಯ ವಿಷಯದಲ್ಲಿ ಪುಸ್ತಕದ ಪದಗಳು ಕೆಲಸಕ್ಕೆ ಬರುವುದಿಲ್ಲ. "ಗರ್ಭಿಣಿ" ಎಂಬಲ್ಲಿ "ಹೊಟ್ಟೀಲೆ ಇದ್ದಾಗ" ಎನ್ನಿ, "ಶ್ವೇತಸ್ರಾವ" ಎಂಬಲ್ಲಿ "ಬಿಳಿ ಹೋಗೂದು" ಎನ್ನಿ. ಗುರುಮಠಕಲ್ ಕಡೆ ತೆಲುಗು, ಔರಾದ್ ಮತ್ತು ಭಾಲ್ಕಿಯ ಕಡೆ ಮರಾಠಿ, ಪಟ್ಟಣಗಳ ಓಣಿಗಳಲ್ಲಿ ದಖನಿ, ತಾಂಡಾದಲ್ಲಿ ಲಂಬಾಣಿ ಬಲ್ಲ ಹೆಣ್ಣುಮಗಳು ಜೊತೆಗಿರಬೇಕು. ಆದರೆ ಆಕೆ ಅದೇ ಊರಿನವಳಾಗಿರಬಾರದು.

ಪರೀಕ್ಷೆಯ ಕ್ರಮ ನಿಮಗೆ ಸರಿಯಾಗಿ ತಿಳಿದಿರಲೇಬೇಕು. ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ಮಾಡುವ ಪರೀಕ್ಷೆ ಸೋಸುವುದಕ್ಕಷ್ಟೇ. ಅದರಲ್ಲಿ ಸೂಚನೆ ಕಂಡರೆ ಐಸಿಟಿಸಿಗೆ ಕಳಿಸಿ, ಮೂರು ಬೇರೆಬೇರೆ ಕಿಟ್‌ಗಳಲ್ಲಿ ನೋಡಿದ ಮೇಲೆಯೇ ಸೋಂಕು ಖಚಿತವೆನ್ನುತ್ತಾರೆ. ಮೊದಲನೆಯದನ್ನೇ "ಪಾಸಿಟಿವ್" ಎಂದು ಬರೆದರೆ ನಿಮ್ಮ ಕೋಷ್ಟಕ ಸುಳ್ಳಾಗುತ್ತದೆ, ಒಂದು ಸಂಸಾರವೂ ಒಡೆಯಬಹುದು. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪರೀಕ್ಷೆಗೆ ಅದು ಕಾಣಿಸದೆಯೂ ಇರಬಹುದು.

ಮಾತಿನ ನಡುವೆ ಅವಳೇ ತನಗೆ ಸೋಂಕಿದೆ ಎಂದರೆ ಪೆನ್ನು ಕೆಳಗಿಡಿ. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಕೂಸಿಗೆ ಸೋಂಕು ತಗಲುವ ಸಂಭವ ನೂರಕ್ಕೆ 15ರಿಂದ 45; ತಾಯಿ ತಪ್ಪದೆ ಗುಳಿಗೆ ನುಂಗಿ, ಕೂಸಿಗೆ ಹುಟ್ಟಿದ ಕೂಡಲೇ ಔಷಧ ಸಿಕ್ಕರೆ ಅದು 5ಕ್ಕಿಂತ ಕಡಿಮೆಯಾಗುತ್ತದೆ. ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಗುಳಿಗೆ ಉಚಿತ, ಕೂಸಿಗೆ ಆರು ವಾರಕ್ಕೆ ಮೊದಲ ಪರೀಕ್ಷೆ, ಹದಿನೆಂಟು ತಿಂಗಳಿಗೆ ಕೊನೆಯದು. ಇಷ್ಟನ್ನು ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಿ, 1097 ಸಹಾಯವಾಣಿಯ ಸಂಖ್ಯೆ ಕೊಡಿ. ಚೀಟಿಯಲ್ಲಿ ಬರೆದುಕೊಡುವುದಾದರೆ ಅದರ ಮೇಲೆ ಎಚ್‌ಐವಿ ಎಂಬ ಮೂರಕ್ಷರ ಇರಬಾರದು, ಆ ಚೀಟಿ ಗಂಡನ ಅಂಗಿಯ ಜೇಬನ್ನೂ ಸೇರಬಹುದು.

ಹೆಬ್ಬೆಟ್ಟಿನ ಒಪ್ಪಿಗೆಗೆ ನಿಮ್ಮ ತಂಡಕ್ಕೆ ಸೇರದ ಸಾಕ್ಷಿ ಬೇಕು. ಹೆಸರಿನ ಹಾಳೆ ಒಂದು ಕಪಾಟಿನಲ್ಲಿ, ಉತ್ತರದ ಹಾಳೆ ಇನ್ನೊಂದರಲ್ಲಿ ಇರಲಿ, ನಡುವೆ ಸಂಕೇತ ಸಂಖ್ಯೆ ಮಾತ್ರ. ಅಷ್ಟಾದರೂ ಒಂದು ಅಪಾಯ ಉಳಿಯುತ್ತದೆ: ಮೂವರೇ ಬಸುರಿಯರಿರುವ ತಾಂಡಾದ ಹೆಸರನ್ನು ವರದಿಯಲ್ಲಿ ಬರೆದು "ಒಬ್ಬರಲ್ಲಿ ಸೋಂಕು" ಎಂದರೆ, ಆಕೆಯ ಹೆಸರನ್ನು ನೀವು ಬರೆದಂತೆಯೇ. ಅಂಥ ಸಣ್ಣ ಊರುಗಳ ಅಂಕಿಗಳನ್ನು ತಾಲ್ಲೂಕಿನ ಲೆಕ್ಕಕ್ಕೆ ಸೇರಿಸಿಯೇ ಪ್ರಕಟಿಸಿ.